ಹರವಿಯ ಹಿಂದಿನ ಗೋಡೆ

ಉಮ್ ದಲೀಬ್ ಊರಿನಲ್ಲಿ ಇಬ್ಬರು ಜಗಳಕ್ಕೆ ಬಿದ್ದು ಮಾತು ಮುಗಿಯದಿದ್ದರೆ ಮೂರನೆಯವನೊಬ್ಬ, "ತೈಫೂರನ ಪುಸ್ತಕದಲ್ಲಿ ಏನಿದೆ ನೋಡ್ರಪ್ಪಾ" ಅನ್ನುತ್ತಿದ್ದ. ಹೋದ ವರ್ಷ ಮೊದಲ ಮಳೆ ಬಿದ್ದದ್ದು ಯಾವತ್ತು, ಯಾರ ಮದುವೆಯ ದಿನ ಧೂಳುಗಾಳಿ ಎದ್ದು ಊಟದ ತಟ್ಟೆಗೆಲ್ಲ ಮಣ್ಣು ಬಿತ್ತು, ಎಲ್ಲಕ್ಕೂ ಆ ಪುಸ್ತಕವೇ ಸಾಕ್ಷಿ. ತೈಫೂರ್ ಇಪ್ಪತ್ಮೂರು ವರ್ಷದಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕಾಲುವೆ ದಂಡೆಯ ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದು, ಹಗಲು ಎಷ್ಟು ಕಾಯಿತು, ರಾತ್ರಿ ಎಷ್ಟು ತಣಿಯಿತು ಎಂದು ಎರಡು ಥರ್ಮಾಮೀಟರ್ ನೋಡಿ ಬರೆಯುತ್ತಿದ್ದ. ತಂದೆ ತೀರಿಕೊಂಡ ದಿನವೂ ಎಂಟಕ್ಕೆ ಬಂದು ಬರೆದು, ಆಮೇಲೆ ಹೋಗಿ ಹೆಣಕ್ಕೆ ಹೆಗಲು ಕೊಟ್ಟವನು. ಅವನ ಹೆಂಡತಿ ಬತೂಲ್ ಅದನ್ನು ಹೊಗಳಿಕೆಯಾಗಿ ಹೇಳುತ್ತಿದ್ದಳೋ ದೂರಾಗಿ ಹೇಳುತ್ತಿದ್ದಳೋ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಪೆಟ್ಟಿಗೆಯ ಪಕ್ಕದಲ್ಲಿ ಎರಡೂವರೆ ಮೊಳ ಅಗಲದ ತಗಡಿನ ಕೊಪ್ಪರಿಗೆಯೂ ಇತ್ತು. ಅದರಲ್ಲಿ ನೀರು ತುಂಬಿಸಿಟ್ಟು, ದಿನಕ್ಕೆ ಎಷ್ಟು ಇಳಿಯಿತೆಂದು ಅಳೆಯಬೇಕು. ಬಿಸಿಲೂ ಗಾಳಿಯೂ ಸೇರಿ ಕೊಪ್ಪರಿಗೆಯಿಂದ ಕುಡಿದದ್ದು ಇಷ್ಟಾದರೆ ಹೊಲದ ಪೈರಿನಿಂದ ಕುಡಿದದ್ದು ಇಷ್ಟು ಎಂದು ಮೇಲಿನ ಕಚೇರಿ ಲೆಕ್ಕ ಹಾಕಿ ಕಾಲುವೆಗೆ ನೀರು ಬಿಡುತ್ತಿತ್ತು. ಲೆಕ್ಕವೇನೋ ಒಳ್ಳೆಯದೇ. ಆದರೆ ಕೊಪ್ಪರಿಗೆಗೆ ಗಾಳಿ ಬಿಸಿಲಲ್ಲದೆ ಬೇರೆ ನೆಂಟರೂ ಇದ್ದರು. ಪಾರಿವಾಳ ಬರುತ್ತಿತ್ತು, ಮೇಕೆ ಬರುತ್ತಿತ್ತು. ಒಂದು ದಿನ ನೀರುಗಂಟಿ ಬುಶಾರಾನ ಕತ್ತೆ ಬಂದು ಹೊಟ್ಟೆ ತುಂಬ ಕುಡಿದು ಹೋಯಿತು. ಅಂದಿನ ಅಂಕಿ ನೋಡಿ ಕಚೇರಿಯವರು, ಉಮ್ ದಲೀಬಿಗೆ ಬೆಂಕಿ ಬಿದ್ದಿದೆಯೇ ಎಂದು ಕೇಳಿ ಕಳಿಸಿದ್ದರು. ಕಡೆಗೆ ಕೊಪ್ಪರಿಗೆಯ ತಳ ತುಕ್ಕು ಹಿಡಿದು ತೂತಾಯಿತು. ಹೊಸದು ಬರಲಿಲ್ಲ. ಅದರ ಬದಲಿಗೆ ಇಹ್ಸಾನ್ ಎಂಬ ಇಂಜಿನಿಯರ್ ಹುಡುಗಿ ಒಂದು ಕೋಷ್ಟಕ ಹಿಡಿದುಕೊಂಡು ಬಂದಳು.

"ಇನ್ನು ಮೇಲೆ ಕೊಪ್ಪರಿಗೆ ಬೇಡ ತೈಫೂರ್ ಮಾವ," ಎಂದಳು, ಬತೂಲ್ ಕೊಟ್ಟ ಚಹಾ ಹೀರುತ್ತ. "ನಿಮ್ಮ ಎರಡು ಥರ್ಮಾಮೀಟರೇ ಸಾಕು. ಹಗಲು ರಾತ್ರಿಯ ಬಿಸಿಯ ನಡುವೆ ಎಷ್ಟು ಅಂತರ ಇದೆ ನೋಡಿ, ಕೋಷ್ಟಕದಲ್ಲಿ ಬೆರಳಿಡಿ, ಪೈರು ಎಷ್ಟು ನೀರು ಕಳ್ಕೊಂಡಿತು ಅಂತ ಸಿಗತ್ತೆ. ಆಕಾಶ ಬಿಚ್ಚಿ ಗಾಳಿ ಒಣಗಿದ್ದರೆ ಹಗಲು ಕಾಯತ್ತೆ, ರಾತ್ರಿ ತಣಿಯತ್ತೆ, ಅಂತರ ದೊಡ್ಡದು. ಆಗ ಪೈರು ಜಾಸ್ತಿ ಕಳ್ಕೊಳ್ಳತ್ತೆ. ಮೋಡ, ತೇವ ಇದ್ದರೆ ರಾತ್ರಿ ತಣಿಯಲ್ಲ, ಅಂತರ ಸಣ್ಣದು. ಆಗ ಕಡಿಮೆ."

"ಮತ್ತೆ ಗಾಳಿ ಬೀಸಿದರೆ?"

"ಗಾಳಿ ಅಳೆಯೋ ಯಂತ್ರ ಅರವತ್ತು ಕಡೆಗೆ ಎಲ್ಲಿಂದ ತರೋದು ಮಾವ? ವರ್ಷದ ಮೇಲೆ ನೋಡಿದರೆ ಸರಿಹೋಗತ್ತೆ. ಈ ವರ್ಷ ನಿಮ್ಮದೂ ಸೇರಿ ಮೂರು ಕಾಲುವೇಲಿ ಪರೀಕ್ಷೆ. ಗೆದ್ದರೆ ಎಲ್ಲಾ ಕಡೆಗೂ ಇದೇ."

ಬುಶಾರಾ ಬಾಗಿಲಲ್ಲಿ ಕೂತು ಕೇಳುತ್ತಿದ್ದ. ಅವನಿಗೆ ಸುಮ್ಮನಿರುವುದು ಗೊತ್ತಿಲ್ಲ. "ನನ್ನ ಕತ್ತೆ ವರ್ಷದ ಮೇಲೆ ಕುಡಿಯಲ್ಲಮ್ಮಾ, ದಿನಾ ಕುಡಿಯತ್ತೆ," ಎಂದ. ಹುಡುಗಿ ನಕ್ಕಳು. ತೈಫೂರನೂ ನಕ್ಕ. ಅವನಿಗೆ ಕೋಷ್ಟಕ ಹಿಡಿಸಿತ್ತು. ಕತ್ತೆ ಮೇಕೆಗಳ ಹಂಗಿಲ್ಲದೆ, ತನ್ನ ಎರಡು ಅಂಕಿಯಿಂದಲೇ ಕಾಲುವೆಗೆ ನೀರು ಬರುತ್ತದೆ ಅಂದರೆ ಯಾರಿಗೆ ಹಿಗ್ಗಾಗುವುದಿಲ್ಲ?

ಮಳೆ ಮುಗಿಯಿತು. ಸೆಪ್ಟೆಂಬರು ಪೂರ್ತಿ ಕೋಷ್ಟಕ ಹೇಳಿದಂತೆ ತೂಬು ತೆರೆಯಿತು, ಮುಚ್ಚಿತು. ವಾರದ ಏಳು ಅಂಕಿ ಕೂಡಿಸಿ, ಮೊತ್ತ ಇಷ್ಟಾದರೆ ಐದು ದಿನ, ಇಷ್ಟಾದರೆ ಮೂರು ದಿನ ಎಂದು ಬುಶಾರಾ ತೂಬಿನ ಚಕ್ರ ತಿರುಗಿಸಬೇಕು. ಐದು ದಿನ ಬಿಟ್ಟರೆ ನೀರು ಕಾಲುವೆಯ ಕಟ್ಟಕಡೆಯ ಹೊಲ ಮುಟ್ಟುತ್ತದೆ. ಮೂರೇ ದಿನವಾದರೆ ಅರ್ಧ ದಾರಿಯವರು ಕುಡಿದು ಮುಗಿಸುತ್ತಾರೆ. ಕಟ್ಟಕಡೆಯ ಹೊಲ ತೈಫೂರನ ವಿಧವೆ ತಂಗಿ ನಫೀಸಾಳದು. ಮೂವರು ಹೆಣ್ಣುಮಕ್ಕಳು, ಒಂದು ಹೊಲ, ಅದರ ತುಂಬ ಜೋಳ. ಆ ಜೋಳವೇ ವರ್ಷವಿಡೀ ಅವರ ಕಿಸ್ರಾ ರೊಟ್ಟಿ, ಅದೇ ಅವರ ಗಂಜಿ.

ಅಕ್ಟೋಬರಿನಲ್ಲಿ ಜೋಳದ ತೆನೆ ಹಾಲು ಕಟ್ಟುವ ಹೊತ್ತಿಗೆ ಗಾಳಿ ಶುರುವಾಯಿತು.

ಅದು ಎಂದಿನ ಗಾಳಿಯಾಗಿರಲಿಲ್ಲ. ಸಂಜೆಗೆ ನಿಲ್ಲಬೇಕಾದದ್ದು ನಿಲ್ಲಲಿಲ್ಲ. ಇರುಳೆಲ್ಲ ಒಲೆಯ ಬಾಯಿ ತೆರೆದಿಟ್ಟಂತೆ ಬೀಸಿತು. ಅಂಗಳದ ಹಗ್ಗದ ಮಂಚದಲ್ಲಿ ಮಲಗಿದವರು ಒದ್ದೆ ಬಟ್ಟೆ ಹೊದ್ದುಕೊಂಡರೆ ಅದು ಒಂದು ನಿದ್ದೆಗೆ ಮುಂಚೆ ಒಣಗಿ ಗರಿಗರಿಯಾಗುತ್ತಿತ್ತು. ನಾಯಿಗಳು ಬೊಗಳುವುದನ್ನು ಬಿಟ್ಟು ಕಾಲುವೆಯ ಕೆಸರಿನಲ್ಲಿ ಹೊಟ್ಟೆ ಊರಿ ಬಿದ್ದುಕೊಂಡವು. ಮೂರನೆಯ ಬೆಳಿಗ್ಗೆ ತೈಫೂರ್ ಬಿಳಿ ಪೆಟ್ಟಿಗೆ ತೆಗೆದರೆ, ರಾತ್ರಿ ಇಪ್ಪತ್ತೊಂದಕ್ಕೆ ಇಳಿಯಬೇಕಾದ ಪಾದರಸ ಇಪ್ಪತ್ತೊಂಬತ್ತಕ್ಕೇ ನಿಂತಿತ್ತು. ಹಗಲಿನದು ಎಂದಿನಂತೆ ಮೂವತ್ತೊಂಬತ್ತು. ಅಂತರ ಹದಿನೆಂಟಿದ್ದದ್ದು ಹತ್ತಾಯಿತು. ಅವನು ಕೋಷ್ಟಕದಲ್ಲಿ ಬೆರಳಿಟ್ಟ. ಆರೂವರೆ ಮಿಲಿಮೀಟರಿನ ಜಾಗದಲ್ಲಿ ಐದೂ ಕಾಲು ಎಂದಿತ್ತು.

ಪೈರು ಕಡಿಮೆ ಕುಡಿಯುತ್ತಿದೆ ಎಂದು ಕೋಷ್ಟಕ ಹೇಳುತ್ತಿತ್ತು. ಅವನು ಮತ್ತೆ ಬೆರಳಿಟ್ಟ, ಮತ್ತೆ ಅದೇ ಬಂತು.

ಮನೆಗೆ ಬಂದಾಗ ಬತೂಲ್ ಜೀರಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಜೀರ್ ಎಂದರೆ ಸುಟ್ಟ ಮಣ್ಣಿನ ದೊಡ್ಡ ಹರವಿ. ಮೈಯೆಲ್ಲ ಬೆವರಿ ಒಳಗಿನ ನೀರನ್ನು ತಣ್ಣಗಿಡುತ್ತದೆ. ಬತೂಲ್ ರಾತ್ರಿ ಮಲಗುವ ಮುಂಚೆ ಅದನ್ನು ಅಂಚಿನವರೆಗೆ ತುಂಬುವಳು, ಬೆಳಗಿನ ನಮಾಜಿಗೆ ಎದ್ದು ಮತ್ತೆ ಅಂಚಿನವರೆಗೆ ತುಂಬುವಳು. ಹೊಸದಾಗಿ ಮದುವೆಯಾಗಿ ಬಂದಾಗ, "ನೀರನ್ನೆಲ್ಲ ಎಲ್ಲಿ ಚೆಲ್ತೀಯೇ?" ಎಂದು ಅತ್ತೆ ಬೈದಿದ್ದಳಂತೆ. ಅಂದಿನಿಂದ ಬೆಳಿಗ್ಗೆ ಎಷ್ಟು ಡಬ್ಬ ಹಿಡಿಯಿತೋ ಅಷ್ಟು ಇದ್ದಿಲ ಗೆರೆಗಳನ್ನು ಹಿಂದಿನ ಗೋಡೆಯ ಮೇಲೆ ಎಳೆಯುವುದು ಅವಳ ಅಭ್ಯಾಸ. ಅತ್ತೆ ಹೋಗಿ ಹದಿನಾಲ್ಕು ವರ್ಷವಾದರೂ ಗೆರೆ ನಿಂತಿರಲಿಲ್ಲ.

"ಒಂದೂವರೆ ಡಬ್ಬ ಕುಡೀತಿದ್ದ ಮುಂಡೇದು ಇವತ್ತು ನಾಲ್ಕು ಕುಡೀತು," ಎಂದಳು. "ಒಡೆದಿದೆ ಅಂತ ಸುತ್ತ ಕೈಯಾಡಿಸಿ ನೋಡಿದೆ. ಒಡೆದಿಲ್ಲ."

ತೈಫೂರ್ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಕೊಪ್ಪರಿಗೆ ಇದ್ದ ಕಾಲದಲ್ಲೇ ಅವನು ಗಮನಿಸಿದ್ದ, ಹರವಿಯೂ ಕೊಪ್ಪರಿಗೆಯೂ ಜೋಡೆತ್ತಿನ ಹಾಗೆ, ಒಂದು ಹೆಚ್ಚಿದರೆ ಇನ್ನೊಂದೂ ಹೆಚ್ಚುತ್ತಿತ್ತು. ನಾಲ್ಕು ಡಬ್ಬ ಅಂದರೆ ಹೊಲದಲ್ಲಿ ಎಂಟು ಮಿಲಿಮೀಟರಿಗೆ ಮೋಸವಿಲ್ಲ. ಕೋಷ್ಟಕದ ತಪ್ಪು ಅವನಿಗೆ ಆಗ ಹೊಳೆಯಿತು. ಬಿಸಿಗಾಳಿ ರಾತ್ರಿಯನ್ನು ತಣಿಯಲು ಬಿಡುತ್ತಿಲ್ಲ. ರಾತ್ರಿ ತಣಿಯದ್ದನ್ನು ಕಂಡು ಕೋಷ್ಟಕ, ಆಹಾ, ಮೋಡ ಕವಿದಿದೆ, ತೇವ ಇದೆ ಎಂದುಕೊಳ್ಳುತ್ತಿದೆ. ಪೈರಿನ ಜೀವ ಹೀರುತ್ತಿರುವ ಗಾಳಿಯೇ, ಪೈರು ಸುಖವಾಗಿದೆ ಎಂದು ಕಚೇರಿಗೆ ವರದಿ ಬರೆಯುತ್ತಿದೆ.

ಆ ವಾರದ ಮೊತ್ತಕ್ಕೆ ಮೂರೇ ದಿನ ತೂಬು ತೆರೆಯಿತು. ನೀರು ಅರ್ಧ ಕಾಲುವೆಯಲ್ಲಿ ಇಂಗಿಹೋಯಿತು. ತೈಫೂರ್ ತೂಬಿನ ಮನೆಯ ಫೋನಿನಿಂದ ಕಚೇರಿಗೆ ಮಾತಾಡಿದ. ಇಹ್ಸಾನ್ ಸಿಗಲಿಲ್ಲ, ಗುಮಾಸ್ತನೊಬ್ಬ ಸಿಕ್ಕಿದ.

"ಗಾಳಿ ಅಂತೀರಾ? ನಿಮ್ಮ ಪುಸ್ತಕದಲ್ಲಿ ಗಾಳಿಗೆ ಕಾಲಂ ಇದೆಯಾ?"

"ಇಲ್ಲ ಸ್ವಾಮಿ."

"ಮತ್ತೆ ಎಲ್ಲಿ ಬರೀತೀರಿ?"

ತೈಫೂರ್ ಫೋನ್ ಇಟ್ಟ.

ಮಾರನೆಯ ದಿನ ನಫೀಸಾ ಬಂದಳು. ಕಾಲುವೆಯ ತುದಿಯಿಂದ ಇಲ್ಲಿಗೆ ಎರಡು ಗಂಟೆಯ ದಾರಿ. ಸೆರಗಿನಲ್ಲಿ ಒಂದು ತೆನೆ ಕಟ್ಟಿಕೊಂಡು ಬಂದಿದ್ದಳು. ಅಣ್ಣನ ಅಂಗೈ ಮೇಲೆ ಅದನ್ನಿಟ್ಟು, ಕಾಳೊಂದನ್ನು ಉಗುರಿನಿಂದ ಹಿಚುಕಿದಳು. ಹಾಲು ಬರಬೇಕಾದಲ್ಲಿ ಬರಿಯ ಸಿಪ್ಪೆ ಮಡಚಿಕೊಂಡಿತು.

"ಎಲ್ಲಾ ಹಿಂಗಾಗಿಲ್ಲಣ್ಣಾ. ಅಂಚಿನ ಸಾಲಷ್ಟೇ. ಈ ವಾರ ಒಂದು ಸಲ ನೀರು ಬಂದರೆ ಉಳಿಯತ್ತೆ. ಬರತ್ತೆ ತಾನೇ?"

"ನೋಡೋಣ," ಎಂದ ತೈಫೂರ್. ಅಡ್ಡಗೋಡೆ ಮೇಲೆ ದೀಪ ಇಟ್ಟಂತಹ ಆ ಮಾತು ಅವನಿಗೇ ಹೇಸಿಗೆಯೆನಿಸಿತು.

ಅವಳು ಹೋದ ಮೇಲೆ ಬುಶಾರಾ ತೂಬಿನ ಕಟ್ಟೆಯ ಮೇಲೆ ಕೂತು ಹೊಗೆಸೊಪ್ಪು ತುಟಿಗಿಟ್ಟುಕೊಂಡು ಹೇಳಿದ, "ನಾನಾಗಿದ್ದರೆ ರಾತ್ರಿದು ಹದಿನೇಳು ಅಂತ ಬರೀತಿದ್ದೆ."

"ಸುಳ್ಳು ಬರೀಲೇನೋ?"

"ಸುಳ್ಳು ಯಾವುದಯ್ಯಾ? ಪುಸ್ತಕದಲ್ಲಿ ದಿಟ ಬರೆದು ಹೊಲಕ್ಕೆ ಸುಳ್ಳು ನೀರು ಬಿಡೋದು ಒಳ್ಳೇದೋ, ಪುಸ್ತಕದಲ್ಲಿ ಸುಳ್ಳು ಬರೆದು ಹೊಲಕ್ಕೆ ದಿಟದ ನೀರು ಬಿಡೋದು ಒಳ್ಳೇದೋ? ನಿಮ್ಮಪ್ಪ ಇದ್ದಿದ್ರೆ ಕೇಳಬಹುದಿತ್ತು. ಅವರನ್ನ ಮಣ್ಣು ಮಾಡೋ ದಿನಾನೂ ನೀನು ಇಲ್ಲೇ ಬರೀತಾ ಕೂತಿದ್ದೆ."

ಮರುದಿನ ಎಂಟಕ್ಕೆ ತೈಫೂರ್ ಪೆಟ್ಟಿಗೆ ತೆಗೆದ. ಮೂವತ್ತೊಂಬತ್ತು, ಇಪ್ಪತ್ತೊಂಬತ್ತು. ಬಾಗಿಲು ಮುಚ್ಚಿ, ಕೋಷ್ಟಕವನ್ನು ಈ ಸಲ ಹಿಂದಿನಿಂದ ಮುಂದಕ್ಕೆ ಓದಿದ. ಹರವಿ ಎಂಟು ಅನ್ನುತ್ತದೆ. ಎಂಟು ಬರಬೇಕಾದರೆ ಎರಡು ಅಂಕಿ ಏನಿರಬೇಕು? ಎಷ್ಟು ಎಳೆದರೂ ಎಂಟು ಸಿಗಲಿಲ್ಲ. ಹಗಲು ನಲವತ್ತೊಂದು, ರಾತ್ರಿ ಹದಿನೇಳು ಎಂದರೆ ಏಳೂವರೆಗೆ ಬರುತ್ತಿತ್ತು. ಅದನ್ನೇ ಬರೆದ. ಏಳರ ಬಾಲ ಗೆರೆ ದಾಟಿತು. ಇಪ್ಪತ್ಮೂರು ವರ್ಷದಲ್ಲಿ ಆ ಪುಸ್ತಕಕ್ಕೆ ಬಿದ್ದ ಮೊದಲ ಸುಳ್ಳು ಅದು. ಮನೆಗೆ ಬಂದು ಕೈ ತೊಳೆದುಕೊಂಡ.

ಆಮೇಲೆ ಏನನ್ನಿಸಿತೋ, ಬತೂಲಳ ಇದ್ದಿಲು ತೆಗೆದುಕೊಂಡು ಹರವಿಯ ಹಿಂದಿನ ಗೋಡೆಯ ಮೇಲೆ, ಅವಳ ನಾಲ್ಕು ಗೆರೆಗಳ ಪಕ್ಕದಲ್ಲಿ, ತಾರೀಖು ಹಾಕಿ ದಿಟದ ಅಂಕಿ ಬರೆದ.

ಹೀಗೆ ಹತ್ತೊಂಬತ್ತು ದಿನ ನಡೆಯಿತು. ಪುಸ್ತಕದಲ್ಲಿ ಒಂದು, ಗೋಡೆಯಲ್ಲಿ ಇನ್ನೊಂದು. ತೂಬು ವಾರಕ್ಕೆ ಐದು ದಿನ ತೆರೆಯಿತು. ಬುಶಾರಾ ಬೆವರಿಳಿಸುತ್ತ ಚಕ್ರ ತಿರುಗಿಸಿ, "ವಲ್ಲಾಹಿ, ಪುಸ್ತಕದಲ್ಲಿ ಎಂಥಾ ಚಳಿ! ಕಂಬಳಿ ಕೊಡಿಸ್ತೀಯಾ?" ಎಂದು ಛೇಡಿಸುತ್ತಿದ್ದ. ತೈಫೂರ್ ನಗುತ್ತಿರಲಿಲ್ಲ. ಇಪ್ಪತ್ತನೆಯ ದಿನ ಬಡಗಣ ಗಾಳಿ ತಿರುಗಿ ರಾತ್ರಿ ತಣ್ಣಗಾಯಿತು. ಡಿಸೆಂಬರಿನಲ್ಲಿ ನಫೀಸಾಳ ಕಣದಲ್ಲಿ ಜೋಳ ರಾಶಿ ಬಿತ್ತು. ಅವಳು ಒಂದು ಚೀಲ ತಂದು ಅಣ್ಣನ ಬಾಗಿಲಲ್ಲಿಟ್ಟು ಕಣ್ಣೊರೆಸಿಕೊಂಡಳು. ತೈಫೂರ್ ಅದನ್ನು ವಾಪಸು ಕಳಿಸಿದ. ಯಾಕೆಂದು ಅವಳಿಗೆ ತಿಳಿಯಲಿಲ್ಲ, ಬೇಸರಪಟ್ಟುಕೊಂಡು ಹೋದಳು.

ಗೋಡೆಯ ಅಂಕಿಯನ್ನು ಕಾಗದಕ್ಕೆ ಇಳಿಸಬೇಕೆಂದು ತೈಫೂರ್ ದಿನಾ ಅಂದುಕೊಳ್ಳುತ್ತಿದ್ದ. ಇಳಿಸಲಿಲ್ಲ. ಗೋಡೆಯ ಮೇಲಿದ್ದರೆ ಅದು ಹೆಂಡತಿಯ ಗೆರೆಗಳ ನಡುವಿನ ಗೀಚು. ಕಾಗದಕ್ಕೆ ಬಂದರೆ ತಪ್ಪೊಪ್ಪಿಗೆಯಾಗುತ್ತದೆ. ಬತೂಲಳಿಗೆ ಮಾತ್ರ, "ಈ ಸಲ ಮಳೆಗೆ ಮುಂಚೆ ಗೋಡೆ ಸಾರಿಸುವಾಗ ಆ ಗೋಡೆ ಬಿಡು," ಎಂದು ಹೇಳಿಟ್ಟಿದ್ದ.

ಜೂನ್ ತಿಂಗಳಲ್ಲಿ ಇಹ್ಸಾನ್ ಕಾಲುವೆ ದಂಡೆಗೆ ಬಂದಳು. ಜೀಪಿನಿಂದ ಇಳಿಯುವಾಗಲೇ ನಗುತ್ತಿದ್ದಳು.

"ಗೆದ್ದಿರಿ ಮಾವ! ಮೂರು ಕಾಲುವೇಲಿ ಪರೀಕ್ಷೆ ಮಾಡಿದ್ವಿ. ಉಳಿದೆರಡು ಕಡೆ ಕೊನೇ ಹೊಲಗಳು ಸ್ವಲ್ಪ ಒಣಗಿದವು, ಅಲ್ಲಿಯ ನೀರುಗಂಟಿಗಳು ಸೋಮಾರಿಗಳು ಅಂತ ಬರೆದಿದೀವಿ. ನಿಮ್ಮಲ್ಲಿ ಕಟ್ಟಕಡೆಯವರೆಗೂ ಬೆಳೆ ಬಂದಿದೆ. ಸರಿಯಾಗಿ ಓದಿ ಸರಿಯಾಗಿ ಬರೆದರೆ ಕೋಷ್ಟಕ ಎಷ್ಟು ಚೆನ್ನಾಗಿ ನಡೆಯತ್ತೆ ಅನ್ನೋದಕ್ಕೆ ನಿಮ್ಮ ಪುಸ್ತಕವೇ ಸಾಕ್ಷಿ. ಈ ವರ್ಷದಿಂದ ಅರವತ್ತು ಕೇಂದ್ರಕ್ಕೂ ಇದೇ. ಉಳಿದ ಕೊಪ್ಪರಿಗೆಗಳನ್ನೆಲ್ಲ ಗುಜರಿಗೆ ಕಳಿಸ್ತಿದೀವಿ."

ತೈಫೂರನಿಗೆ ಲೆಕ್ಕ ಕಣ್ಣ ಮುಂದೆ ಬಂತು. ಉಳಿದೆರಡು ಕಡೆ ಒಣಗಿದ್ದು ಕೋಷ್ಟಕದಿಂದ. ತನ್ನ ಕಡೆ ಬೆಳೆದದ್ದು ಸುಳ್ಳಿನಿಂದ. ಆ ಸುಳ್ಳೇ ಈಗ ಕೋಷ್ಟಕಕ್ಕೆ ಜಾಮೀನು ನಿಂತಿದೆ. ಒಂದು ಹೊಲ ಉಳಿಸಲು ಹೋಗಿ ಅರವತ್ತು ಕಾಲುವೆಯ ಕೊನೆಯ ಹೊಲಗಳನ್ನೆಲ್ಲ ತಾನು ಆ ಗಾಳಿಯ ಬಾಯಿಗಿಟ್ಟಿದ್ದೇನೆ. ಹೇಳಿದರೆ ಇಪ್ಪತ್ಮೂರು ವರ್ಷದ ಹೆಸರು ಹೋಗುತ್ತದೆ. ಹೇಳದಿದ್ದರೆ ಅಕ್ಟೋಬರು ಬರುತ್ತದೆ.

"ಕೂತ್ಕೋ ಮಗಳೇ," ಎಂದ. "ಹತ್ತೊಂಬತ್ತು ದಿನ ನಾನು ಸುಳ್ಳು ಬರೆದಿದೀನಿ."

ಎಲ್ಲವನ್ನೂ ಹೇಳಿದ. ಇಹ್ಸಾನಳ ನಗು ಆರಿಹೋಯಿತು. ತುಂಬ ಹೊತ್ತು ಪುಸ್ತಕದ ಹಾಳೆ ತಿರುವುತ್ತ ಕೂತಳು. ಗೆರೆ ದಾಟಿದ ಏಳರ ಮೇಲೆ ಅವಳ ಬೆರಳು ನಿಂತಿತು.

"ನಾನು ನಂಬ್ತೀನಿ ಮಾವ," ಎಂದಳು ಕಡೆಗೆ. "ಆದರೆ ಬರೀ ನಂಬಿಕೇನ ಕಚೇರಿಗೆ ಹೊತ್ಕೊಂಡು ಹೋಗೋಕಾಗಲ್ಲ. ಕೊನೇ ಹೊಲ ನಿಮ್ಮ ತಂಗೀದು. ತಂಗಿಗೆ ನೀರು ಕದ್ದು ಕೊಟ್ಟು ಈಗ ಕೋಷ್ಟಕದ ಮೇಲೆ ಹಾಕ್ತಿದಾನೆ ಅಂತಾರೆ. ದಿಟದ ಅಂಕಿ ಎಲ್ಲಾದರೂ ಇದೆಯಾ? ತಾರೀಖು ಸಮೇತ?"

"ಇದೆ. ಬಾ," ಎಂದ ತೈಫೂರ್. ಎಷ್ಟೋ ತಿಂಗಳ ಮೇಲೆ ಅವನ ಎದೆ ಹಗುರಾಯಿತು. ಗೋಡೆಯಲ್ಲಿ ಅಂಕಿ ಇದೆ, ಪಕ್ಕದಲ್ಲಿ ಹರವಿಯ ಗೆರೆ ಇದೆ. ಓದು ಬಾರದ ಹೆಂಗಸು ಸುಳ್ಳು ಗೆರೆ ಎಳೆದಳೆಂದು ಯಾರೂ ಹೇಳಲಾರರು.

ಬತೂಲ್ ಆ ದಿನ ಪಕ್ಕದ ಊರಿಗೆ ಸಾವಿನ ಮನೆಗೆ ಹೋಗಿದ್ದಳು. ಇವರಿಬ್ಬರೂ ಅಂಗಳಕ್ಕೆ ಬಂದಾಗ ಹಸಿ ಸಗಣಿಯ, ಹಸಿ ಮಣ್ಣಿನ ವಾಸನೆ ಬಂತು. ಹರವಿ ಅಂಗಳದ ನಡುವಿಗೆ ಸರಿದಿತ್ತು. ಅದರ ಹಿಂದಿನ ಗೋಡೆ ಈ ತುದಿಯಿಂದ ಆ ತುದಿಗೆ ನುಣ್ಣಗೆ, ಕಪ್ಪಗೆ, ಒದ್ದೆಯಾಗಿ ಹೊಳೆಯುತ್ತಿತ್ತು. ಮೇಲೆಲ್ಲ ಬೆರಳುಗಳ ಬಳೆಯಾಕಾರದ ಗುರುತು.

ನಫೀಸಾ ಮೊಣಕೈಯವರೆಗೆ ಮಣ್ಣಾಗಿ ಎದ್ದು ನಿಂತಳು. ಮುಖದ ತುಂಬ ಸಂತೋಷ.

"ಜೋಳ ಬೇಡ ಅಂದ್ಯಲ್ಲ," ಎಂದಳು. "ಕೈಕೆಲಸ ಬೇಡ ಅನ್ನೋಕಾಗಲ್ಲ. ಅತ್ತಿಗೆ ಬರೋಷ್ಟರಲ್ಲಿ ಮುಗಿಸಬೇಕು ಅಂತ ಬೆಳಗಿನಿಂದ ಕೂತಿದೀನಿ. ಈ ಗೋಡೆ ಅಂತೂ ಇದ್ದಿಲು ಗೀಚಿ ಗೀಚಿ ಗಲೀಜಾಗಿತ್ತು, ಚೆನ್ನಾಗಿ ಕೆರೆದು ಎರಡು ಸಲ ಬಳಿದೆ. ಹೆಂಗಿದೆ?"

ಇಹ್ಸಾನ್ ತೈಫೂರನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು.

"ಚೆನ್ನಾಗಿದೆ," ಎಂದ ತೈಫೂರ್.

ಇಹ್ಸಾನ್ ಹೋಗಿ ಹೇಳುವಷ್ಟು ಹೇಳಿದಳು ಪಾಪ, ಸುಳ್ಳಾಡುವುದು ಬೇಡ. ಅವಳು ಹೆದರಿದ್ದಂತೆಯೇ ಆಯಿತು. ಬೇಲಿಯೇ ಎದ್ದು ಹೊಲ ಮೇಯಿತು ಎಂದರು ಕಚೇರಿಯವರು. ಕೋಷ್ಟಕದಲ್ಲಿ ದೋಷವಿಲ್ಲ, ನೋಡಿದವನಲ್ಲಿ ದೋಷ ಎಂದು ಬರೆದು, ಇಪ್ಪತ್ಮೂರು ವರ್ಷದ ಪುಸ್ತಕಗಳನ್ನೆಲ್ಲ ಗೋಣಿಯಲ್ಲಿ ಕಟ್ಟಿ ಒಯ್ದರು. ಒಂದು ಸುಳ್ಳಾದ ಮೇಲೆ ಉಳಿದವು ದಿಟವೆಂದು ಏನು ಗ್ಯಾರಂಟಿ? ತೈಫೂರನ ಕೆಲಸ ಹೋಯಿತು. ಬಿಳಿ ಪೆಟ್ಟಿಗೆಯ ಬೀಗದ ಕೈಯನ್ನು ಬುಶಾರಾನಿಗೆ ಕೊಟ್ಟು, ಕುರಾನಿನ ಮೇಲೆ ಪ್ರಮಾಣ ಮಾಡಿಸಿ ಹೋದರು. ಗೋಡೆಯ ವಿಷಯ ನಫೀಸಾಳಿಗೆ ಯಾರೂ ಹೇಳಬಾರದೆಂದು ತೈಫೂರ್ ಹೆಂಡತಿಯಿಂದ ಮಾತು ತೆಗೆದುಕೊಂಡ. ಊರಿನಲ್ಲಿ ಜಗಳವಾದರೆ ಈಗ ಯಾರೂ ಅವನ ಹೆಸರೆತ್ತುತ್ತಿರಲಿಲ್ಲ.

ಅಕ್ಟೋಬರು ಬಂತು. ಹತ್ತನೆಯ ತಾರೀಖಿನ ಸಂಜೆ ಗಾಳಿ ಎದ್ದಿತು, ನಿಲ್ಲಲಿಲ್ಲ. ಬೆಳಿಗ್ಗೆ ಬತೂಲ್ ಹೊಸ ಗೋಡೆಯ ಮೇಲೆ ನಾಲ್ಕು ಗೆರೆ ಎಳೆದಳು. ಮಾರನೆಯ ದಿನ ಐದು.

ತೈಫೂರ್ ಎಂಟು ಗಂಟೆಗೆ ಕಾಲುವೆ ದಂಡೆಗೆ ಹೋದ. ಬುಶಾರಾ ಕನ್ನಡಕ ಏರಿಸಿ, ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದ. ಮೂವತ್ತೊಂಬತ್ತು. ಮೂವತ್ತು.

"ಬುಶಾರಾ," ಎಂದ ತೈಫೂರ್. "ಹದಿನೇಳು ಅಂತ ಬರಿ."

ಬುಶಾರಾ ಈ ಸಲ ತಮಾಷೆ ಮಾಡಲಿಲ್ಲ. "ಪ್ರಮಾಣ ಮಾಡಿದೀನಲ್ಲಯ್ಯಾ. ಪಕ್ಕದ ಕೇಂದ್ರದ ಅಂಕಿ ಜೊತೆ ದಿನಾ ಹೋಲಿಸ್ತಾರೆ. ತಪ್ಪಾದರೆ ಜೈಲು ಅಂದಿದಾರೆ." ಪುಸ್ತಕ ತಿರುಗಿಸಿ ಅವನಿಗೆ ತೋರಿಸಿದ. "ನೋಡು, ನಿನ್ನ ಹಂಗೇ ಬರೀತಿದೀನಿ. ಒಂದು ಅಂಕೀನೂ ತಪ್ಪಿಲ್ಲ."

ಅಕ್ಷರ ಸೊಟ್ಟಗಿದ್ದರೂ ಅಂಕಿ ಸರಿಯಾಗಿಯೇ ಇತ್ತು. ವಾರದ ಮೊತ್ತ ಮೂರೇ ದಿನ ಎಂದಿತು. ಬುಶಾರಾ ತೂಬಿನ ಚಕ್ರ ತಿರುಗಿಸಿ ಮುಚ್ಚಿದ. ನೀರಿನ ಸದ್ದು ನಿಂತಿತು. ಗಾಳಿಯ ಸದ್ದು ಮಾತ್ರ ಉಳಿಯಿತು.

ತೈಫೂರ್ ಮನೆಗೆ ಬರಲಿಲ್ಲ. ದಂಡೆ ಹಿಡಿದು ಕೊನೆಯ ಹೊಲದವರೆಗೂ ನಡೆದ. ದಾರಿಯುದ್ದಕ್ಕೂ ಕಾಲುವೆ ತೆಳುವಾಗುತ್ತ ಬಂದು, ಒಂದು ಕಡೆ ಬರಿಯ ಕೆಸರಾಗಿ, ಆಮೇಲೆ ಬಿರುಕಾಯಿತು. ನಫೀಸಾ ಹೊಲದ ಬದುವಿನಲ್ಲಿ ನಿಂತಿದ್ದಳು. ಜೋಳ ಎದೆಯೆತ್ತರ ಬೆಳೆದು ಹಸಿರಾಗಿಯೇ ಇತ್ತು. ತೆನೆಯಲ್ಲಿ ಆಗಷ್ಟೇ ಹಾಲು ತುಂಬುತ್ತಿತ್ತು.

"ನೀನೇ ಬಂದ್ಯಾ? ಹಂಗಾದರೆ ನೀರು ಬರತ್ತೆ," ಎಂದಳು. "ಹೋದ ವರ್ಷಾನೂ ಹಿಂಗೇ ಹೆದರಿದ್ದೆ. ಕಡೆಗೆ ಬಂತಲ್ಲ?"

ತೈಫೂರ್ ತಂಗಿಯ ಮುಖ ನೋಡಿದ. ಈ ಸಲ ನೋಡೋಣ ಎನ್ನಲಿಲ್ಲ.

"ಬರಲ್ಲ ನಫೀಸಾ. ಈ ವರ್ಷ ಬರಲ್ಲ. ಕುಡುಗೋಲು ತಗೋ. ಹಸಿಯಾಗಿ ಇರುವಾಗಲೇ ಕೊಯ್ದರೆ ಮೇವಾದರೂ ಆಗತ್ತೆ, ಮಾರಿ ಕಾಳು ತರಬಹುದು."

ಅವಳು ನಂಬಲಿಲ್ಲ. ಅವನು ಮಣ್ಣಿನ ಹೆಂಟೆಯೊಂದನ್ನು ಎತ್ತಿ ಅವಳ ಕೈಗಿಟ್ಟ. ಅದು ಹಿಟ್ಟಿನಂತೆ ಉದುರಿ ಗಾಳಿಯಲ್ಲಿ ಹೋಯಿತು. ಅವಳು ಕೈ ನೋಡಿಕೊಂಡಳು, ಆಮೇಲೆ ಹೊಲ ನೋಡಿದಳು.

"ನಮ್ಮದೊಂದೇನಾ?" ಎಂದು ಕೇಳಿದಳು.

"ಅಲ್ಲ. ಎಲ್ಲಾ ಕಾಲುವೆಯ ಕೊನೇ ಹೊಲಗಳೂ."

ನಫೀಸಾ ಮಕ್ಕಳನ್ನು ಕೂಗಿದಳು. ಮೂವರೂ ಕುಡುಗೋಲು ಹಿಡಿದು ಬಂದರು. ತೈಫೂರ್ ಜುಬ್ಬದ ತೋಳು ಮಡಚಿ, ಮೊದಲ ಸಾಲಿಗೆ ಬಗ್ಗಿದ. ಕೊಯ್ದ ಬುಡದಿಂದ ರಸ ಒಸರಿತು, ಅವನ ಬೆರಳಿಗೆ ಮೆತ್ತಿತು, ಸಾಲು ಮುಗಿಯುವ ಮುಂಚೆ ಒಣಗಿಹೋಯಿತು.